ಒದ್ದೆ ಬಟ್ಟೆ ಹಾಕಬಾರದ ಹಗ್ಗ

ಇಳಕಲ್ಲಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ ಒಂದು ಹಗ್ಗ ಇತ್ತು. ಅದರ ಮೇಲೆ ನಾನು ದಿನವೂ ಬಟ್ಟೆ ಹಾಕುತ್ತಿದ್ದೆ, ಆದರೆ ಒಣಗಿದ ಬಟ್ಟೆಯನ್ನು ಮಾತ್ರ. ಒಗೆದದ್ದನ್ನು ಮೊದಲು ಬಾವಿಯ ಪಕ್ಕದ ಕಲ್ಲುಗಳ ಮೇಲೆ ಹರವಿ ಒಣಗಿಸಿ, ಆಮೇಲೆ ಒಯ್ದು ಕೋಲಿನಿಂದ ಎತ್ತಿ ಆ ಹಗ್ಗಕ್ಕೆ ತೂಗಿಬಿಡುತ್ತಿದ್ದೆ. ನಿಮಗೆ ನಗು ಬರಬಹುದು. ಆಗ ನನಗೆ ಬರುತ್ತಿರಲಿಲ್ಲ. ಅಡುಗೆ ಮಾಡುವಾಗಲೂ ಎರಡು ಸಲ ಎದ್ದು ಹಿತ್ತಲ ಬಾಗಿಲಿಗೆ ಬಂದು ಹಗ್ಗ ನೋಡುತ್ತಿದ್ದೆ. ರೊಟ್ಟಿ ಹಂಚಿನ ಮೇಲೆ ಕರಕಾಗುತ್ತಿತ್ತು.

ಆ ಹಗ್ಗ ಹಗ್ಗವಾಗಿರಲಿಲ್ಲ, ತಾಮ್ರದ ತಂತಿ. ಮೇಲೆ ನೇಕಾರರು ಬಿಸಾಡಿದ ನೂಲಿನ ತುಂಡುಗಳನ್ನು ಸುತ್ತಿ ಸುತ್ತಿ ಹಗ್ಗದ ವೇಷ ಹಾಕಿಸಿದ್ದರು ನಿಮ್ಮ ಅಜ್ಜ.

ಅವರು ತಾರ್ ಆಫೀಸಿನಲ್ಲಿ ಟೆಲಿಗ್ರಾಂ ಕಳಿಸುವ ಕೆಲಸಕ್ಕಿದ್ದರು. ದಿನವಿಡೀ ಅಲ್ಲಿ ಕಟಕಟ ಬಡಿದು ಬಂದರೂ ಸಾಲದೆ, ಮುಂಬಯಿಯಿಂದ ಸಾಮಾನು ತರಿಸಿ, ಗಾಜಿನ ಬುಡ್ಡಿಗಳನ್ನು ಜೋಡಿಸಿ, ಮಾತನ್ನು ಗಾಳಿಯಲ್ಲಿ ಕಳಿಸುವ ಪೆಟ್ಟಿಗೆಯೊಂದನ್ನು ಮನೆಯಲ್ಲಿ ಕಟ್ಟಿಕೊಂಡಿದ್ದರು. ಇಂಥ ಪ್ರಯೋಗ ಮಾಡುವವರಿಗೆ ಬ್ರಿಟಿಷ್ ಸರ್ಕಾರ ಪರವಾನಗಿ ಕೊಡುತ್ತಿತ್ತು, ಅದು ಅವರ ಬಳಿ ಇತ್ತು. ಮುಂದೆ ಯುದ್ಧ ಶುರುವಾದಾಗ ಅದೇ ಸರ್ಕಾರ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಯಿತು, ಅದು ಆಮೇಲಿನ ಮಾತು. ನಾನು ಹೇಳುತ್ತಿರುವ ಕಾಲದಲ್ಲಿ ಸರ್ಕಾರದ ತಕರಾರು ಇರಲಿಲ್ಲ. ಮನೆ ಮಾಲಕರದೇ ತಕರಾರು. ಪೆಟ್ಟಿಗೆಗೆ ಎತ್ತರದಲ್ಲಿ ಒಂದು ತಂತಿ ಬೇಕು, ತಂತಿಗೆ ಕಂಬ ಬೇಕು, ಕಂಬ ನೆಡಲು ಯಾರ ಮಾಳಿಗೆ?

ಇಳಕಲ್ಲಿಗೆ ವರ್ಗವಾಗುವ ಮೊದಲು ನಾವು ಬಾದಾಮಿಯಲ್ಲಿದ್ದೆವು. ಅಲ್ಲಿ ಬಾಡಿಗೆ ಮನೆಯ ಮಾಳಿಗೆಯ ಮೇಲೆ ನಿಮ್ಮ ಅಜ್ಜ ಬಿದಿರಿನ ಕಂಬ ನೆಟ್ಟರು. ಮಾಲಕರು ಕೀಳಿ ಎಂದರು. ಇವರು ನಾಳೆ, ನಾಡಿದ್ದು ಎಂದು ತಳ್ಳಿದರು. ನಮ್ಮ ಕಡೆ ಮಾಳಿಗೆಗಳೆಲ್ಲ ಮಣ್ಣಿನವು. ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಅದರಲ್ಲಿ ಒಂದು ಗೂಟ ಇಳಿಸಿದರೆ ಮಳೆನೀರಿಗೆ ಬಾಗಿಲು ತೆಗೆದಂತೆ. ಮಳೆ ಬಂತು, ಅಡುಗೆಮನೆ ಸೋರಿತು, ಮಾಲಕರು ಮನೆ ಬಿಡಿಸಿದರು. ಆಗ ನಾನು ಬಸುರಿ. ಚಕ್ಕಡಿಯಲ್ಲಿ ಸಾಮಾನು ಹೇರಿಕೊಂಡು ಊರಾಚೆಯ ಒಂದು ಮನೆಗೆ ಹೋದೆವು. ಅಕ್ಕಪಕ್ಕದವರ ಮುಖ ಪರಿಚಯವಾಗುವ ಮೊದಲೇ, ದಿನ ತುಂಬದೆ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ. ಮನೆ ಬಿಟ್ಟದ್ದಕ್ಕೇ ಹಾಗಾಯಿತೆಂದು ನಾನು ಇಂದಿಗೂ ಹೇಳಲಾರೆ. ಆದರೆ ಕಂಬ, ಚಕ್ಕಡಿ, ಕೂಸು ಮೂರೂ ನನ್ನ ಮನಸ್ಸಿನಲ್ಲಿ ಒಂದೇ ಗಂಟಾಗಿ ಕೂತುಬಿಟ್ಟವು.

ಇಳಕಲ್ಲಿಗೆ ಬಂದ ಮೇಲೆ ನಾನು ಮತ್ತೆ ಬಸುರಿಯಾದೆ. ಹೊಟ್ಟೆಯಲ್ಲಿದ್ದವನು ನಿಮ್ಮ ಅಪ್ಪ. ಹೆರಿಗೆಗೆ ಹೋಗೋಣವೆಂದರೆ ಗುಡೂರಿನ ತವರಿನಲ್ಲಿ ಅವ್ವ ಇರಲಿಲ್ಲ. ಹುನಗುಂದದಲ್ಲಿ ಗಂಡನ ಮನೆ ಇತ್ತು, ಅಲ್ಲೂ ಹೆಂಗಸರೆಂಬುವರು ಯಾರೂ ಉಳಿದಿರಲಿಲ್ಲ. ನನಗೆ ಇದ್ದದ್ದು ಆ ಎರಡು ಬಾಡಿಗೆ ಕೋಣೆ, ಮತ್ತು ಆ ಮನೆಯ ಒಡತಿ. ಅವರು ವಯಸ್ಸಾದ ವಿಧವೆ. ಓಣಿಯ ಅರ್ಧ ಮಕ್ಕಳನ್ನು ಭೂಮಿಗೆ ಇಳಿಸಿಕೊಂಡ ಕೈ ಅವರದು. ನಾವೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದೆವು.

ಮನೆ ಕೊಡುವ ದಿನವೇ ಅವ್ವಾರು ಕಟ್ಟೆಯ ಮೇಲೆ ಕೂತು ಕರಾರು ಹೇಳಿದ್ದರು.

"ನೋಡ್ರಿ ತಾರ್ ಮಾಸ್ತರ್ರ, ಮಾಳಿಗಿ ಮ್ಯಾಲೆ ಕಂಬ ನಡಂಗಿಲ್ಲ. ಗ್ವಾಡಿಗೆ ಮೊಳಿ ಹೊಡಿಯಂಗಿಲ್ಲ. ನಿಮ್ಮ ಮೊದಲಿದ್ದಾಂವ ಪಾರಿವಾಳದ ಗೂಡು ಕಟ್ಟತೇನಂತ ಗೂಟ ಬಡದ. ಕೆಳಗ ಮಗ್ಗದ ಮ್ಯಾಲಿದ್ದ ಹಾಸಿನ ನೂಲೆಲ್ಲಾ ತೊಯ್ದು ಹೋತು. ಪಾರಿವಾಳಾನೂ ಹೋದವು, ಅವನೂ ಹೋದ."

"ನಾವು ಪಾರಿವಾಳ ಸಾಕೋರಲ್ರಿ ಅವ್ವಾರ" ಎಂದರು ನಿಮ್ಮ ಅಜ್ಜ.

"ಏನ ಸಾಕತೀರಿ ನನಗೇನ ಗೊತ್ತು. ಮೊದಲ ಹೇಳೇನಿ, ಅಷ್ಟ."

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಕಟ್ಟಿಗೆ ಪೆಟ್ಟಿಗೆಯೊಳಗೆ ಚಿಂದಿ ಸುತ್ತಿ ಇಟ್ಟಿದ್ದ ಗಾಜಿನ ಬುಡ್ಡಿಗಳು ನನ್ನ ಬೆನ್ನ ಹಿಂದೆಯೇ ಇದ್ದವು.

ಹಿತ್ತಲ ಗೋಡೆಯ ಆಚೆ ಗಡಿಯಾರ ರಿಪೇರಿ ಮಾಡುವ ಚಾಚಾನ ಮನೆ. ನಿಮ್ಮ ಅಜ್ಜನಿಗೂ ಚಾಚಾನಿಗೂ ಮೊದಲ ವಾರದಲ್ಲೇ ಗೆಳೆತನವಾಯಿತು, ಸಣ್ಣ ಸ್ಕ್ರೂ ಕಂಡರೆ ಇಬ್ಬರಿಗೂ ಹಸಿವೆ ಮರೆಯುತ್ತಿತ್ತು. ಚಾಚಾನ ಅಂಗಳದಲ್ಲಿ ದೊಡ್ಡ ಬೇವಿನ ಮರ. ತಂತಿಯ ಒಂದು ತುದಿ ಆ ಮರದ ಟೊಂಗೆಗೆ ಹೋಯಿತು. ಇನ್ನೊಂದು ತುದಿಯನ್ನು ನಮ್ಮ ಮಾಳಿಗೆಯ ನೀರು ಹೊರಗೆ ಚೆಲ್ಲುವ ಕಲ್ಲಿನ ದೋಣಿಗೆ ಬಿಗಿದರು. ಎರಡೂ ತುದಿಗೆ ಸೋಡಾ ಬಾಟಲಿಯ ಗಾಜಿನ ಕತ್ತು ಸಿಕ್ಕಿಸಿ, ತಂತಿ ಕಲ್ಲಿಗೂ ಮರಕ್ಕೂ ತಾಗದಂತೆ ಮಾಡಿದರು. ಒಂದು ಎಳೆ ಬೆಳಕಿಂಡಿಯಿಂದ ನಮ್ಮ ಕೋಣೆಗೆ ಇಳಿಯಿತು. ಕಂಬವಿಲ್ಲ, ಮೊಳೆಯಿಲ್ಲ.

"ಯಾರರ ಕೇಳಿದರ ಏನ ಹೇಳಲಿ?" ಎಂದೆ.

"ಮಡಿ ಹಗ್ಗ ಅನ್ನು. ಅಷ್ಟ ಎತ್ತರ ಇರೋದು ಮಡಿ ಹಗ್ಗನ. ಯಾರೂ ಮುಟ್ಟಂಗಿಲ್ಲ."

ನಿಮ್ಮ ಮನೆಗಳಲ್ಲಿ ಈಗ ಅದು ಇಲ್ಲ, ಆದ್ದರಿಂದ ಹೇಳುತ್ತೇನೆ. ಪೂಜೆಗೆ ಉಡುವ ಸೀರೆಯನ್ನು ಒಗೆದ ಮೇಲೆ ಯಾರ ಮೈಯೂ ಕೈಯೂ ತಾಗಬಾರದು. ಅದಕ್ಕೇ ಕೈಗೆ ಎಟುಕದಷ್ಟು ಎತ್ತರದಲ್ಲಿ ಬೇರೆ ಹಗ್ಗ, ಕೋಲಿನಿಂದಲೇ ಹಾಕುವುದು, ಕೋಲಿನಿಂದಲೇ ತೆಗೆಯುವುದು. ನಿಮ್ಮ ಅಜ್ಜ ಬುದ್ಧಿವಂತಿಕೆಯಿಂದಲೇ ಯೋಚಿಸಿದ್ದರು. ಆದರೆ ಬರಿಯ ಹಗ್ಗ ಕಣ್ಣಿಗೆ ಬೀಳುತ್ತದೆ. ಒದ್ದೆ ಬಟ್ಟೆ ಹಾಕಿದರೆ ನೀರು ಸುತ್ತಿದ ನೂಲಿಗೆ ಇಳಿದು, ಸೆರಗು ಗೋಡೆಗೆ ತಾಗಿ, ಗಾಳಿಗೆ ಹೋಗಬೇಕಾದ ಶಕ್ತಿಯೆಲ್ಲ ನೆಲಕ್ಕೆ ಹೋಗುತ್ತದಂತೆ. ಹೀಗೆ ಒಣಗಿದ ಸೀರೆ ಒಣಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಕೇಳುವವರಿಗೆ ಪೆಟ್ಟಿಗೆ ಬೇಕಿರಲಿಲ್ಲ. ಒಂದು ಹೊಳೆಯುವ ಹರಳು, ಅದನ್ನು ಮುಟ್ಟಿಸುವ ಸೂಜಿಯಂಥ ತಂತಿ, ಕಿವಿಗೆ ಇಟ್ಟುಕೊಳ್ಳುವ ಒಂದು ಬಟ್ಟಲು, ಇಷ್ಟನ್ನೇ ಚಾಚಾ ಹಲಗೆಯ ತುಂಡಿನ ಮೇಲೆ ಜೋಡಿಸಿ ಓಣಿಯ ನಾಲ್ಕಾರು ಮನೆಗಳಿಗೆ ಕೊಟ್ಟಿದ್ದ. ಕಿವಿಯ ಬಟ್ಟಲು ಒಬ್ಬರಿಗೇ ಕೇಳಿಸುತ್ತದೆ. ಚಾಚಾನ ಹೆಂಡತಿ ಅದನ್ನು ಒಂದು ದಿನ ತಾಮ್ರದ ಖಾಲಿ ಕೊಡದೊಳಗೆ ಇಳಿಬಿಟ್ಟಳು. ಸುತ್ತ ಕೂತವರಿಗೆಲ್ಲ ಕೇಳಿಸಿತು. ಅಂದಿನಿಂದ ಓಣಿಯಲ್ಲಿ ನಮ್ಮ ಸ್ಟೇಷನ್ನಿಗೆ ಕೊಡ ಎಂದೇ ಹೆಸರು. "ಕೊಡ ಶುರು ಆತೇನ?" ಎಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನೇಕಾರರು ಮಗ್ಗ ನಿಲ್ಲಿಸಿ ಕೇಳುತ್ತಿದ್ದರು. ದನಿ ಎಲ್ಲಿಂದ ಬರುತ್ತದೆಂದು ಗೊತ್ತಿದ್ದದ್ದು ಚಾಚಾನಿಗೂ ಅವನ ಹೆಂಡತಿಗೂ ಮಾತ್ರ. ಉಳಿದವರು ಬಾಗಲಕೋಟೆ ಎಂದರು, ಸೊಲ್ಲಾಪುರ ಎಂದರು. ಒಬ್ಬ ಮುದುಕ ಮಾತ್ರ ಎಲ್ಲವೂ ಕೊಡ ತೊಳೆಯುವುದರ ಮೇಲಿದೆ ಎಂದು ಹಟ ಹಿಡಿದಿದ್ದ.

ಚಾಚಾನ ಹೆಂಡತಿಯನ್ನು ನಾನು ಆಪಾ ಎನ್ನುತ್ತಿದ್ದೆ, ಅಕ್ಕ ಎಂದಂತೆ. ಮೊದಲು ನಿಮ್ಮ ಅಜ್ಜನೇ ನೂಲಿನ ಧಾರಣೆ, ಯಾವ ಊರಲ್ಲಿ ಮಳೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ ಎಂದು ಹೇಳುತ್ತಿದ್ದರು. ಆಪಾ ಗೋಡೆಯಾಚೆಯಿಂದ ನನಗೆ ಹೇಳಿದಳು, "ನಿನ್ನ ಗಂಡ ಮಾತಿಗಿಂತಾ ಕೆಮ್ಮೋದ ಜಾಸ್ತಿ. ಕೊಡ ತೂತು ಬೀಳತೈತಿ ಒಂದಿನ. ನೀ ಒಂದು ಹಾಡ ಹಾಡಬಾರದ?"

ನಾನು ಮೂರು ಜನರ ಎದುರಿಗೆ ನೀರು ಬೇಕೆಂದು ಕೇಳಲಾರದವಳು. ಗುಡೂರಿನ ಸಾಲಿಯಲ್ಲಿ ಉತ್ತರ ಬಂದರೂ ಕೈ ಎತ್ತಿದವಳಲ್ಲ. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಯಾರ ಮುಖವೂ ಇರಲಿಲ್ಲ. ಹಳೆಯ ಟೆಲಿಫೋನಿನಿಂದ ಕಿತ್ತ ಮಾತಿನ ಬಟ್ಟಲೊಂದು ಮಾತ್ರ ಎದುರಿಗೆ, ಅದು ನೋಡುವುದಿಲ್ಲ, ನಗುವುದಿಲ್ಲ. ಅವ್ವನಿಂದ ಕಲಿತ ಬೀಸುವ ಹಾಡೊಂದನ್ನು ಕಣ್ಣು ಮುಚ್ಚಿ ಹಾಡಿದೆ. ಮರುದಿನ ಎರಡು ಮಾತೂ ಆಡಿದೆ. ಆಮೇಲೆ ದಿನವೂ. ಮಾತಾಡುವಷ್ಟು ಹೊತ್ತು ನನಗೆ ಹೆದರಿಕೆ ಇರುತ್ತಿರಲಿಲ್ಲ. ಮುಗಿಸಿ ಎದ್ದ ಕೂಡಲೇ ಎಲ್ಲ ಹೆದರಿಕೆಯೂ ಒಟ್ಟಿಗೆ ಬರುತ್ತಿತ್ತು. ಅವ್ವಾರ ಕೋಲಿನ ಸಪ್ಪಳ ಕೇಳಿದರೆ ಸಾಕು, ಒಂದು ಕೈ ಹೊಟ್ಟೆಗೆ, ಇನ್ನೊಂದು ಬಾಗಿಲ ಅಗುಳಿಗೆ ಹೋಗುತ್ತಿತ್ತು.

ಒಂದು ಸೋಮವಾರ ನಿಮ್ಮ ಅಜ್ಜ ಪೆಟ್ಟಿಗೆಯ ಮುಳ್ಳನ್ನು ನೋಡಿ ಹಣೆ ಗಂಟಿಕ್ಕಿದರು. ಶಕ್ತಿ ಎಲ್ಲೋ ಸೋರುತ್ತಿದೆ ಎಂದರು. ನಾನು ಹಿತ್ತಲಿಗೆ ಹೋಗಿ ನೋಡಿದೆ. ಹಗ್ಗದ ಮೇಲೆ ಅವ್ವಾರ ಪೂಜೆಯ ಸೀರೆ ನೀರಿಳಿಯುತ್ತ ತೂಗುತ್ತಿತ್ತು!

ಸೋಮವಾರ ಅವರದು ಉಪವಾಸ. ಸಂಜೆ ಪೂಜೆ ಮುಗಿಸಿ ಮಡಿ ಸೀರೆ ಹಿಂಡಿ ಒಣಹಾಕುವುದು ರೂಢಿ. ನಮ್ಮ ಹಗ್ಗ ಅವರ ಹಗ್ಗಕ್ಕಿಂತ ಎತ್ತರ, ಓಣಿಯಲ್ಲೇ ಎತ್ತರ. ಅಷ್ಟು ಕಟ್ಟುನಿಟ್ಟಾಗಿ ಮಡಿ ಕಾಯುವ ಹುಡುಗಿ ತನ್ನ ಬಾಡಿಗೆಯವಳೆಂದು ಅವರಿಗೆ ಹೆಮ್ಮೆಯಾಗಿತ್ತು.

"ತಂಗಿ, ನಿನ್ನ ಹಗ್ಗ ಚಲೋ ಐತಿ. ಕಾಗಿ ಸೈತ ಕೂಡಂಗಿಲ್ಲ ಅದರ ಮ್ಯಾಲೆ. ಇನ್ನ ಮುಂದ ಸ್ವಾಮಾರ ನನ್ನ ಸೀರಿ ಅಲ್ಲೇ ಹಾಕತೇನಿ" ಎಂದರು ಮರುದಿನ.

ಬೇಡವೆಂದು ಯಾವ ಬಾಯಿಂದ ಹೇಳಲಿ? ಮಡಿ ಹಗ್ಗಕ್ಕೆ ಮಡಿ ಸೀರೆ ಬೇಡ ಎನ್ನುವ ಹೆಂಗಸು ಎಲ್ಲಾದರೂ ಉಂಟೆ? ನಿಮ್ಮ ಅಜ್ಜನಿಗೆ ಹೇಳಿದರೆ ಅವರು ನಕ್ಕುಬಿಟ್ಟರು. ನನಗೆ ಸಿಟ್ಟು ಬಂತು. "ನಿಮಗ ಪೆಟಗಿ ಚಿಂತಿ. ಹಗ್ಗ ಯಾತರದಂತ ಗೊತ್ತಾದರ ನನಗ ಮತ್ತ ಚಕ್ಕಡಿ ಹತ್ತೋದು ಬರತೈತಿ" ಎಂದೆ. ನಗು ನಿಂತಿತು. ಅವರು ಬಾದಾಮಿಯನ್ನು ನೆನೆದರೆಂದು ಮುಖದಲ್ಲಿ ಕಾಣಿಸಿತು. "ತಂತಿ ಬಿಚ್ಚಿಬಿಡಲಿ?" ಎಂದು ಮೆಲ್ಲಗೆ ಕೇಳಿದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅದೇ ನನಗೆ ಹೊಸ ತಳಮಳವಾಯಿತು. ಮನೆಯೂ ಬೇಕು, ಸಂಜೆಯ ಆ ಹೊತ್ತೂ ಬೇಕು.

ಅಷ್ಟರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಅವ್ವಾರು ಸೀರೆ ಒಣಹಾಕಿ ನೇರ ಹೋಗುತ್ತಿದ್ದದ್ದು ಆಪಾನ ಮನೆಗೆ, ಕೊಡ ಕೇಳಲು. ನನ್ನ ದನಿ ಕೇಳಲು! ಕೊಡದೊಳಗೆ ಅದು ಬೇರೆಯೇ ಆಗಿ ಕೇಳುತ್ತಿದ್ದುದರಿಂದ ಅವರಿಗೆ ಗುರುತು ಸಿಕ್ಕಿರಲಿಲ್ಲ. ಸೋಮವಾರ ಕೊಡ ಪಿಸುಗುಟ್ಟುವುದು ಕಂಡು ಅವರು ಆಪಾನನ್ನು ಕೇಳಿದರಂತೆ, "ಯಾಕ, ಈ ಹೆಣಮಗಳಿಗೆ ಇವತ್ತ ಏನಾಗೇತಿ? ದನಿನ ಇಲ್ಲ."

ಆಪಾ ಕಣ್ಣು ಮಿಟುಕಿಸದೆ ಹೇಳಿದಳಂತೆ, "ಆಕಿದೂ ಸ್ವಾಮಾರ ಉಪಾಸಂತ್ರೀ ಅವ್ವಾರ. ಹೊಟ್ಟಿ ಖಾಲಿ ಇದ್ದರ ದನಿ ಎಲ್ಲಿಂದ ಬರಬೇಕ್ರಿ."

ಅವ್ವಾರಿಗೆ ಕಾಣದ ಆ ಹೆಣ್ಣಿನ ಮೇಲೆ ಭಾರಿ ಗೌರವ ಬಂದುಬಿಟ್ಟಿತು. ನನ್ನ ಎದುರಿಗೇ ನನಗೆ ಬುದ್ಧಿ ಹೇಳಿದರು, "ಆಕೀನ್ನ ನೋಡಿ ಕಲಿ. ಉಪಾಸ ಇದ್ದರೂ ಹಾಡು ಬಿಟ್ಟಿಲ್ಲ. ನೀ ಉಂಡೂ ಬಾಯಿ ಬಿಡಂಗಿಲ್ಲ." ನಾನು ತಲೆ ತಗ್ಗಿಸಿ ನೆಲ ಕೆರೆದೆ. ಆಪಾ ಗೋಡೆಯಾಚೆ ಕೆಮ್ಮುತ್ತಿದ್ದಳು.

ಹೀಗೆ ಎಷ್ಟು ಸೋಮವಾರ ನಡೆಯಿತೋ, ನನಗೆ ದಿನ ಸಮೀಪಿಸಿತ್ತು. ಅಂಥದೊಂದು ಸೋಮವಾರ ಮಧ್ಯಾಹ್ನದಿಂದಲೇ ಧಗೆ. ಪೂಜೆಯಾಯಿತು, ಒದ್ದೆ ಸೀರೆ ಹಗ್ಗಕ್ಕೆ ಏರಿತು, ಅವ್ವಾರು ಆಪಾನ ಮನೆಗೆ ಹೋದರು. ನಾನು ಕೋಣೆಯಲ್ಲಿ ಕೂತು ಹಾಡು ಶುರುಮಾಡಿದೆ. ನಡುವೆ ಗುಡುಗಿತು. ಹೊರಗೆ ಏನೋ ಕೂಗಾಟ. ನಾನು ನಿಲ್ಲಿಸಲಿಲ್ಲ.

ಹೊರಗೆ ನಡೆದದ್ದನ್ನು ಆಪಾ ಆಮೇಲೆ ಹೇಳಿದಳು. ಮಳೆ ಹನಿ ಬಿದ್ದ ಕೂಡಲೇ ಅವ್ವಾರು ಸೀರೆ ತೆಗೆಯಲು ಹಿತ್ತಲಿಗೆ ಓಡಿ ಬಂದರು. ಕೋಲಿನಿಂದ ಸೀರೆ ಎತ್ತಿದರೋ ಇಲ್ಲವೋ, ಆಚೆ ಅಂಗಳದಲ್ಲಿ ಕೊಡದ ಸುತ್ತ ಕೂತಿದ್ದ ಹೆಂಗಸರು "ಬಂತವ್ವಾ, ದನಿ ಬಂತು!" ಎಂದು ಕೂಗಿದರು. ಕೋಲು ಜಾರಿ ಸೀರೆ ಮತ್ತೆ ಹಗ್ಗದ ಮೇಲೆ ಬಿತ್ತು. "ಹೋತು, ಹೋತು!" ಅವ್ವಾರು ನಿಂತಲ್ಲೇ ನಿಂತರು. ಎತ್ತಿದರು, ಬಂತು. ಇಳಿಸಿದರು, ಹೋಯಿತು. ಮಳೆಯಲ್ಲಿ ತೊಯ್ಯುತ್ತ ಹಗ್ಗದ ಗುಂಟ ಕಣ್ಣು ಹಾಯಿಸಿದರು. ಬೇವಿನ ಮರ, ಕಲ್ಲಿನ ದೋಣಿ, ನಮ್ಮ ಬೆಳಕಿಂಡಿ.

ಬಾಗಿಲು ಬಡಿದ ಸದ್ದಿಗೆ ನನ್ನ ಹಾಡು ಅರ್ಧಕ್ಕೆ ನಿಂತಿತು. ನಿಮ್ಮ ಅಜ್ಜ ಅಗುಳಿ ತೆಗೆದರು. ಅವ್ವಾರು ಕೋಲಿನ ತುದಿಗೆ ಸೀರೆ ಸಿಕ್ಕಿಸಿಕೊಂಡೇ ನಿಂತಿದ್ದರು. ಉರಿಯುವ ಗಾಜಿನ ಬುಡ್ಡಿಗಳನ್ನು ನೋಡಿದರು, ಮಾತಿನ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು.

"ತಾರ್ ಮಾಸ್ತರ್ರ, ದೀಪಾ ಕೊಡ್ರಿಲ್ಲೆ."

ದೀಪ ಎತ್ತಿ ಹಿಡಿದು ಚಾವಣಿಯನ್ನು ಮೂಲೆ ಮೂಲೆಗೂ ನೋಡಿದರು. ಬೆಳಕಿಂಡಿಯ ಕೆಳಗಿನ ಗೋಡೆಯನ್ನು ಬೆರಳಿನಿಂದ ಸವರಿದರು. ಹೊರಗೆ ಮಳೆ ಜೋರಾಗಿತ್ತು. ಒಳಗೆ ಒಂದು ಹನಿಯೂ ಬೀಳಲಿಲ್ಲ.

"ಕಂಬ ನಟ್ಟಿಲ್ಲ" ಎಂದರು, ತಮಗೇ ಎಂಬಂತೆ.

"ಇಲ್ರಿ ಅವ್ವಾರ."

"ಮೊಳೀನೂ ಹೊಡದಿಲ್ಲ."

"ಇಲ್ರಿ."

"ಮತ್ತ ನನ್ನ ಮಡೀ ಸೀರಿ ಇಷ್ಟ ದಿನಾ ನಿಮ್ಮ ತಾರಿನ ಮ್ಯಾಲೆ ಜೋತಾಡೇತಿ." ಅವ್ವಾರು ನನ್ನ ಕಡೆ ತಿರುಗಿದರು. "ಕೊಡದಾಗಿನಾಕಿ ನೀನ ಏನ?"

ಹೌದೆಂದು ತಲೆಯಾಡಿಸಿದೆ.

"ಸ್ವಾಮಾರ ಉಪಾಸ ಇರ್ತೀಯೇನ?"

"ಇಲ್ರಿ."

"ಹೊಟ್ಟ್ಯಾಗ ಕೂಸು ಇಟಗೊಂಡು ಉಪಾಸ ಇದ್ದಿದ್ದರ ಕಾಲ ಮುರೀತಿದ್ದೆ." ಕೋಲು ಹೆಗಲಿಗೆ ಏರಿಸಿ ಬಾಗಿಲು ದಾಟಿದರು. "ನಾಳಿಗೆ ಮಾತಾಡೂಣು."

ಆ ನಾಳೆ ಬರುವವರೆಗೆ ನಾನು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಟ್ರಂಕು ತೆಗೆದು ಪಾತ್ರೆ ತುಂಬಿದೆ, ಮತ್ತೆ ತೆಗೆದೆ. ಹೆರಿಗೆಗೆಂದು ಒಗೆದಿಟ್ಟ ಹಳೆ ಬಟ್ಟೆಗಳನ್ನು ಗಂಟು ಕಟ್ಟಿದೆ, ಬಿಚ್ಚಿ ಒಂದೊಂದಾಗಿ ಮಡಚಿದೆ, ಮತ್ತೆ ಕಟ್ಟಿದೆ. ನಿಮ್ಮ ಅಜ್ಜ ಆಫೀಸಿಗೆ ಹೋಗುವಾಗ "ಸಂಜಿಗೆ ಬಂದು ತಂತಿ ಬಿಚ್ಚತೇನಿ, ಕೈ ಮುಗಿದು ಕೇಳಕೋತೇನಿ, ಮನಿ ಬಿಡಾಕ ಹೇಳಂಗಿಲ್ಲ ಅವರು" ಎಂದರು. ಅವರ ದನಿಯಲ್ಲಿ ಧೈರ್ಯ ಇರಲಿಲ್ಲ.

ಅವರು ಹೋದ ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಅವ್ವಾರು ಮಾಳಿಗೆ ಹತ್ತಿದ್ದರು. ಮಳೆ ಬಿದ್ದ ಮರುದಿನ ಮಾಳಿಗೆಯ ಮೇಲೆ ಅಡ್ಡಾಡಿ, ಮಣ್ಣು ಎಲ್ಲಿ ಸಡಿಲಾಗಿದೆ ನೋಡಿ, ಬುಟ್ಟಿಯ ಸವಳು ಮಣ್ಣು ಹಾಕಿ ತುಳಿಯುವುದು ಎಲ್ಲರೂ ಮಾಡುವ ಕೆಲಸ. ಆದರೆ ಅಂದು ಹೆಜ್ಜೆ ನಮ್ಮ ಕೋಣೆಯ ಮೇಲೆಯೇ ಹೋಗುತ್ತಿತ್ತು, ಬರುತ್ತಿತ್ತು, ನಿಲ್ಲುತ್ತಿತ್ತು. ಕಲ್ಲಿನ ದೋಣಿಯ ಹತ್ತಿರ ಬಹಳ ಹೊತ್ತು ನಿಂತಿತು. ನಾನು ಕೆಳಗೆ ಹೆಜ್ಜೆಯ ಹಿಂದೆಯೇ ಕತ್ತೆತ್ತಿ ಕೋಣೆಯ ತುಂಬ ಸುತ್ತಿದೆ. ಬೆನ್ನು ನೋಯತೊಡಗಿತು, ಕೂಡಲಾಗಲಿಲ್ಲ.

ಕೊನೆಗೆ ಇಳಿದು ಬಂದರು. ಕೈಕಾಲು ಮಣ್ಣು. ಹೊಸ್ತಿಲಲ್ಲಿ ನಿಂತು ಟ್ರಂಕು ನೋಡಿದರು, ಗಂಟು ನೋಡಿದರು.

"ಎಲ್ಲಿಗೆ ಹೊಂಟಿ?"

ನಾನು ಗಂಟನ್ನು ಮರೆಮಾಡಲು ಬಗ್ಗಿದೆ.

"ಆ ದೋಣಿ ಬುಡದಾಗ ಒಂದ ಬೊಗಸಿ ಮಣ್ಣ ಸೈತ ಅಳ್ಳಾಡಿಲ್ಲ. ನಿನ್ನ ಗಂಡಗ ಹೇಳು, ನನಗ ಇನ್ನೊಂದ ಹಗ್ಗ ಕಟ್ಟಿಕೊಡಬೇಕು. ಖರೇ ಹಗ್ಗ. ಇದಕ್ಕಿಂತ ಎತ್ತರ." ಹೋಗುವಾಗ ತಿರುಗಿ ನೋಡಿ, "ಬಗ್ಗಿ ಗಂಟು ಎತ್ತಬ್ಯಾಡ. ದಿನಾ ತುಂಬ್ಯಾವ" ಎಂದರು.

ಮನೆಯ ಮಾತನ್ನೇ ಅವರು ಎತ್ತಲಿಲ್ಲ. ಇರಿ ಎಂದಂತೆಯೇ ಎಂದು ಈಗ ತಿಳಿಯುತ್ತದೆ. ಆಗ ನನಗೆ ನಂಬಿಕೆ ಬರಲಿಲ್ಲ. ಗಂಟು ಬಿಚ್ಚದೆ ಮೂಲೆಯಲ್ಲಿ ಹಾಗೆಯೇ ಇಟ್ಟೆ.

ಸಂಜೆ ನಿಮ್ಮ ಅಜ್ಜ ಖರೇ ಹಗ್ಗ ಕಟ್ಟಿ ಬಂದು ಪೆಟ್ಟಿಗೆ ಹಚ್ಚಿದರು. ನಾನು ಮಾತಿನ ಬಟ್ಟಲಿನ ಮುಂದೆ ಕೂತೆ. ಬಾಯಿ ಬರಲಿಲ್ಲ. ಇಷ್ಟು ದಿನ ಆ ಬಟ್ಟಲಿಗೆ ಮುಖವಿರಲಿಲ್ಲ, ಈಗ ಅದರೊಳಗಿನಿಂದ ಅವ್ವಾರು ನನ್ನನ್ನೇ ನೋಡುತ್ತಿದ್ದಂತೆ ಅನಿಸಿತು. ನಿಮ್ಮ ಅಜ್ಜ ಕೈಸನ್ನೆ ಮಾಡಿದರು. ಎದ್ದೆ, ಕೂತೆ, ಸೆರಗಿನಿಂದ ಬೆವರು ಒರೆಸಿಕೊಂಡೆ. ಪೆಟ್ಟಿಗೆ ಸುಮ್ಮನೆ ಗುಂಯ್‌ಗುಡುತ್ತಿತ್ತು.

ಹಿತ್ತಲ ಗೋಡೆಯಾಚೆಯಿಂದ, ಕೊಡದ ಪಕ್ಕದಿಂದ, ಅವ್ವಾರ ದನಿ ಓಣಿಗೆಲ್ಲ ಕೇಳುವಂತೆ ಬಂತು.

"ಯಾಕ? ಇವತ್ತ ಸ್ವಾಮಾರ ಅಲ್ಲಲ್ಲ!"

ಆಪಾ ಹೋ ಎಂದು ನಕ್ಕಳು. ನನಗೂ ನಗು ಬಂತು, ನಗುತ್ತಲೇ ಹಾಡು ಎತ್ತಿಕೊಂಡೆ.

ನಿಮ್ಮ ಅಪ್ಪ ಅದೇ ವಾರ ಅದೇ ಕೋಣೆಯಲ್ಲಿ ಅವ್ವಾರ ಕೈಗೆ ಇಳಿದ. ಮೂಲೆಯ ಗಂಟನ್ನು ಬಿಚ್ಚಿದವರೂ ಅವರೇ. ನಿಮ್ಮ ಅಜ್ಜನಿಗೆ ಸಂತೋಷಕ್ಕೆ ಮೈಮೇಲೆ ಎಚ್ಚರವಿರಲಿಲ್ಲ. ಗಂಡಸರು ಮಾಡದ ಕೆಲಸ ಮಾಡಿದರು, ಕೂಸಿನ ಬಟ್ಟೆ, ಮಡಿ ಹಗ್ಗದ ಹತ್ತಿರವೂ ಸುಳಿಯಬಾರದ ಪುರುಡಿನ ಬಟ್ಟೆ, ತಾವೇ ಒಗೆದರು. ಒಗೆದು, ನೀರಿಳಿಯುತ್ತಿದ್ದಂತೆಯೇ ಸಾಲಾಗಿ ತಮ್ಮ ತಾಮ್ರದ ತಂತಿಯ ಮೇಲೆಯೇ ಹರವಿಬಿಟ್ಟರು. ನಾನು ಒಳಗೆ ಮಲಗಿದ್ದೆ. ಮಾಳಿಗೆಯ ಮೇಲಿನಿಂದ ಅವ್ವಾರು ಗದರಿದ್ದು ಕೇಳಿಸಿತು.

"ಮಾಸ್ತರ್ರ! ತಲಿ ನೆಟ್ಟಗೈತೇನ್ರಿ? ಆ ಹಗ್ಗಕ್ಕ ಹಸಿ ಅರಿವಿ ಹಾಕಂಗಿಲ್ಲ, ಮೊದಲ ಹೇಳತೇನಿ. ನನ್ನದರ ಮ್ಯಾಲೆ ಹಾಕ್ರಿ."